ಕೋವಿಗೊಂದು ತೆಂಗಿನಕಾಯಿ

4-10-72, ಬುಧವಾರ

ಪಿರಿಯಾಪಟ್ಟಣ ಟ್ರಿಪ್ಪು. ಹೋಗುವಾಗ ವ್ಯಾನು ಖಾಲಿ, ಬರುವಾಗ ಹೊಗೆಸೊಪ್ಪಿನ ಬೇಲು ಸೂರಿನ ತನಕ. ಕ್ಲಚ್ ಸರಿಯಾಗಿ ಹಿಡಿಯುತ್ತಿಲ್ಲ. ಹೇಳಿ ಹೇಳಿ ನನ್ನ ಬಾಯಿ ನೋಯಿತೇ ಹೊರತು ಕ್ಲಚ್ ಬದಲಾಗಲಿಲ್ಲ. ಮೂಗಿನ ತುಂಬ ಸೊಪ್ಪಿನ ಧೂಳು. ಒಂದು ಬೀಡಿಯನ್ನೂ ಸೇದದ ನನಗೆ ಹೊಗೆಸೊಪ್ಪಿನ ಕಂಪನಿಯಲ್ಲೇ ಕೆಲಸ ಸಿಗಬೇಕೆ...

ಸಂಜೆ ವ್ಯಾನು ಮನೆ ಮುಂದೆ ನಿಲ್ಲಿಸಿದೆ. ಸೊಪ್ಪು ಒಣಗಿಸಿ ಹದ ಮಾಡುವ ವೀರನಹೊಸಹಳ್ಳಿ ಕಡೆಯ ಬ್ಯಾರನ್‌ಗಳಿಗೆ ಕಂಪನಿ ಇರುವ ಹುಣಸೂರಿಗಿಂತ ನಮ್ಮೂರು ಹತ್ತಿರ. ರಾತ್ರಿ ಇಲ್ಲೇ ಇಟ್ಟುಕೋ ಅಂತ ಮ್ಯಾನೇಜರ್ ಹೇಳಿದ್ದಾರೆ. ಇಳಿಯುತ್ತಿದ್ದ ಹಾಗೇ ಜಗಲಿಯಿಂದ ಅಪ್ಪನ ದಿನದ ಪ್ರಶ್ನೆ.

"ಕ್ವಾವಿ ಎಲ್ಲಲಾ?"

"ಕಂಪ್ನಿ ಗಾಡೀಲದೆ ಕಣಪ್ಪ."

"ಕಾವಲಿಗಾ?"

"ಊ. ಕಾವಲಿಗೆ."

ಅಪ್ಪನಿಗೆ ಅಷ್ಟು ಸಾಕು. ತನ್ನ ಕೋವಿ ಕಂಪನಿಯನ್ನು ಕಾಯುತ್ತಿದೆ ಅಂತ ಮೀಸೆ ತೀಡಿಕೊಂಡ. ಕೋವಿ ಡ್ರೈವರ್ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ, ಜಾಕಿಯ ಪಕ್ಕ. ಪೆಟ್ಟಿಗೆಗೆ ಬೀಗ. ಕೀಲಿ ನನ್ನ ಉಡಿದಾರದಲ್ಲಿ.

7-10-72, ಶನಿವಾರ

ರಾಗಿ ಹೊಲಕ್ಕೆ ಮತ್ತೆ ಹಂದಿ. ಮುಸ್ಸಂಜೆ ಹೋಗಿ ಗಾಳಿಗೆ ಒಂದು ಈಡು ಹೊಡೆದು ಬಂದೆ. ಓಡಿದವು. ಕೋವಿ ಒರೆಸಿ ಮತ್ತೆ ಪೆಟ್ಟಿಗೆಗೆ ಹಾಕಿದೆ. ಮದ್ದು, ಕೇಪು ಬೇರೆ ಕಡೆ — ಅಡುಗೆಮನೆ ಅಟ್ಟದ ಮೇಲೆ, ಭದ್ರಮ್ಮನ ಸುಪರ್ದಿಯಲ್ಲಿ. ನನ್ನ ಹೆಂಡತಿಯನ್ನು ದಾಟಿ ಅಟ್ಟ ಹತ್ತುವ ಗಂಡಸು ಈ ಊರಲ್ಲಿ ಹುಟ್ಟಿಲ್ಲ.

ಮಹಾರಾಜರ ಕಾಲದಲ್ಲಿ ಬೆಳೆ ಕಾಯಲು ಲೈಸೆನ್ಸ್ ಸಿಕ್ಕಿದ್ದು ಇಡೀ ಊರಿನಲ್ಲಿ ಅಪ್ಪನೊಬ್ಬನಿಗೆ. ಸಣ್ಣಬೀರಯ್ಯ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಕೋವಿ ಬೀರಯ್ಯ ಅಂದರೆ ಹ್ಯಾಂಡ್‌ಪೋಸ್ಟಿನ ತನಕ ಗೊತ್ತು. ಅಪ್ಪನಿಗೆ ಕಣ್ಣು ಮಂದವಾದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು. ಕೋವಿ ಮಾತ್ರ ಅವನದೇ. ಆ ವಿಷಯದಲ್ಲಿ ಸರ್ಕಾರದ ಮಾತು ಅಪ್ಪನಿಗೆ ಲೆಕ್ಕಕ್ಕಿಲ್ಲ.

ಕಣ್ಣಷ್ಟೇ ಮಂದವಾಗಿದ್ದರೆ ಚೆನ್ನಾಗಿತ್ತು. ಈ ಯುಗಾದಿಗೆ ಮುಂಚೆ ಒಂದು ಬೆಳಿಗ್ಗೆ, ಪಕ್ಕದ ಮನೆ ಚಿಕ್ಕಬಸಮ್ಮ ನಮ್ಮ ಹಿತ್ತಿಲಲ್ಲಿ ಬಗ್ಗಿ ತರಗು ಗುಡಿಸುತ್ತಿದ್ದಳು. ಅಪ್ಪ ಹಂದಿ ಅಂದುಕೊಂಡ. ಹೊಡೆದೇಬಿಟ್ಟ. ಈಡು ಹಲಸಿನ ಮರಕ್ಕೆ ಹೋಯಿತು, ನಮ್ಮ ಪುಣ್ಯ. ನಾನು ಓಡಿ ಹೋದರೆ ಆ ತಾಯಿ ಪೊರಕೆ ಹಿಡಿದು ಗಡಗಡ ನಡುಗುತ್ತಿದ್ದಾಳೆ. ಆದರೂ ಮೊದಲು ಹೇಳಿದ್ದು ಇದು —

"ನಂಗೇನೂ ಆಗ್ನಿಲ್ಲ ಕಣ್ ಸೋಮಣ್ಣ. ಮಾವನ ಎಸ್ರು ಬೀದೀಗೆ ತರ್ಬ್ಯಾಡ."

ತರಲಿಲ್ಲ. ಅವಳೂ ತರಲಿಲ್ಲ. ಅವತ್ತಿನಿಂದ ಕೋವಿ ಮನೆಯಲ್ಲಿಲ್ಲ. ಯಾಕೆ ಅಂತ ಅಪ್ಪ ಕೇಳಿದಾಗ ಕಂಪನಿಗೆ ಬೇಕಂತೆ ಅಂದೆ. ಬಾಯಿಗೆ ಬಂದ ಸುಳ್ಳು. ಈಗ ದಿನಾ ಸಂಜೆ ಅದಕ್ಕೆ ನೀರೆರೆಯಬೇಕು.

11-10-72, ಬುಧವಾರ

ಹೊಸ ಮ್ಯಾನೇಜರ್ ಬಂದಿದ್ದಾರೆ. ಮೈಸೂರಿನವರು. ತೆಳ್ಳಗೆ, ಬಿಳೀ ಷರ್ಟು, ಮೆತ್ತಗಿನ ಮಾತು. ಮೊದಲ ದಿನವೇ ಗೇಟಿನಲ್ಲಿ ಎಲ್ಲರ ಜೇಬು ನೋಡಿಸಿದರು. ಬೆಂಕಿಪೊಟ್ಟಣ, ಬೀಡಿ, ಸಿಗರೇಟು ಎಲ್ಲ ಗೇಟಿನಾಚೆ. ಗೋಡೌನಿನ ಮೇಸ್ತ್ರಿ ಚನ್ನಬಸವಣ್ಣ ತನ್ನ ಬೀಡಿಕಟ್ಟು ಕಳೆದುಕೊಂಡ ದುಃಖದಲ್ಲಿ, ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅಂತ ಗೊಣಗಿದ. ಆದರೆ ತಪ್ಪೇನು? ಗೋಡೌನು ತುಂಬ ಒಣಗಿದ ಸೊಪ್ಪು. ಒಂದು ಕಿಡಿ ಸಾಕು.

ನನ್ನ ಪೆಟ್ಟಿಗೆ ಯಾರೂ ನೋಡಲಿಲ್ಲ. ಅದರಲ್ಲಿ ಏನಿದೆ ಅಂತ ಚನ್ನಬಸವಣ್ಣನಿಗೆ ಗೊತ್ತು, ವಾಚ್‌ಮನ್‌ಗೆ ಗೊತ್ತು, ಹಳೇ ಮ್ಯಾನೇಜರಿಗೂ ಗೊತ್ತಿತ್ತು. ಹೊಸಬರಿಗೆ ನಾನೇ ಹೇಳಬೇಕು. ಆಯುಧಪೂಜೆ ಕಳೆಯಲಿ.

15-10-72, ಭಾನುವಾರ

ವ್ಯಾನು ತೊಳೆದೆ. ನಾಳೆ ಆಯುಧಪೂಜೆ. ಕಂಪನಿಯಲ್ಲಿ ಎಲ್ಲ ಗಾಡಿ, ತಕ್ಕಡಿ, ಸ್ಪ್ಯಾನರು, ಕೊನೆಗೆ ಆಫೀಸಿನ ಟೈಪ್‌ರೈಟರಿಗೂ ಪೂಜೆ.

ಅಪ್ಪ ಬೆಳಿಗ್ಗೆಯಿಂದ ಹಿಂದೆ ಹಿಂದೆ. ಕೋವಿಗೆ ಬೇರೆ ಕಾಯಿ ಒಡೆಯಬೇಕಂತೆ. ಗಾಡಿ ಕಾಯಿ ಗಾಡಿಗೆ, ಕೋವಿ ಕಾಯಿ ಕೋವಿಗೆ. ಆಯುಧಪೂಜೆಯ ದಿನ ಪೂಜೆ ಕಾಣದ ಆಯುಧ ಮನೆಯವರನ್ನೇ ತಿನ್ನುತ್ತದೆ ಅಂತ ಅಪ್ಪನ ಕಾಲದವರ ನಂಬಿಕೆ. ನನ್ನದೂ ಅದೇ, ಸುಳ್ಳು ಯಾಕೆ. ಮನೆಯಲ್ಲೇ ಬೆಳಿಗ್ಗೆ ಮಾಡಿ ಮುಗಿಸೋಣ ಅಂದೆ. ಒಪ್ಪಲಿಲ್ಲ. ಯಾರ ಕಾವಲಿಗೆ ಇದೆಯೋ ಅವರ ಅಂಗಳದಲ್ಲಿ ಪೂಜೆ ಆಗಬೇಕಂತೆ. ಬೆಳಿಗ್ಗೆ ನಾನೇ ಮಾಡಿಸುತ್ತೇನೆ ಬಿಡು ಅಂತ ಸಮಾಧಾನ ಮಾಡಿದೆ. ಪೆಟ್ಟಿಗೆಯ ಒಳಗೇ ಒಂದು ಚಿಟಿಕೆ ಕುಂಕುಮ ಇಟ್ಟರಾಯಿತು.

16-10-72, ಸೋಮವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಕಂಪನಿ ಅಂಗಳದಲ್ಲಿ ಗಾಡಿಗಳೆಲ್ಲ ಸಾಲಾಗಿ ನಿಂತಿದ್ದವು. ಬಾಳೆಕಂದು, ಚೆಂಡುಹೂವು. ಇನ್ನೇನು ಮಂಗಳಾರತಿ ಮುಗಿಯಬೇಕು, ಗೇಟಿನಲ್ಲಿ ಅಪ್ಪ. ಬಿಳೀ ಪೇಟ, ಹೆಗಲಿಗೆ ಕಂಬಳಿ, ಕೈಯಲ್ಲಿ ತೆಂಗಿನಕಾಯಿ. ಒಬ್ಬನೇ ಬಸ್ಸು ಹತ್ತಿ ಬಂದಿದ್ದ. ನಿನ್ನೆ ಉಂಡದ್ದು ನೆನಪಿರದವನಿಗೆ ಇದು ಮಾತ್ರ ನೆನಪಿತ್ತು. ಹಬ್ಬದ ದಿನ ಹಿರಿಯರು ಅಂತ ವಾಚ್‌ಮನ್ ಕೈಮುಗಿದು ಒಳಗೆ ಬಿಟ್ಟ.

ಸೀದಾ ನನ್ನ ವ್ಯಾನಿನ ಹತ್ತಿರ ಬಂದು ಎಲ್ಲರ ಎದುರಿಗೆ ಕೇಳಿದ. ಕ್ವಾವಿ ತೆಗಿಲಾ.

ಆಮೇಲೆ ಅಂದೆ. ಮೆಲ್ಲಗೆ ಮಾತಾಡು ಅಂದೆ. ಅಪ್ಪನಿಗೆ ಮೆಲ್ಲಗೆ ಅನ್ನುವುದು ಗೊತ್ತೇ ಇಲ್ಲ. ಮ್ಯಾನೇಜರ್ ಹತ್ತಿರ ಬಂದು ಯಾರಿವರು ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ತಾನೇ ಹೇಳಿದ.

"ನಿಮ್ ಕಂಪ್ನಿ ಕಾಯೋ ಕ್ವಾವಿ ನಂದೇ ಕಣ್ ಸ್ವಾಮಿ. ಪೂಜೆ ಮಾಡ್ಸಕ್ಕೆ ಬಂದಿವ್ನಿ."

ಮ್ಯಾನೇಜರ್ ನನ್ನ ಮುಖ ನೋಡಿದರು. ಸೀಟು ಎತ್ತಿ ಬೀಗ ತೆಗೆದು ಕೋವಿ ಹೊರಗಿಟ್ಟೆ. ಬೇರೆ ಏನು ಮಾಡಲಿ? ಅಪ್ಪ ಅದನ್ನು ವ್ಯಾನಿನ ಬಂಪರಿಗೆ ಒರಗಿಸಿ, ನಳಿಗೆಗೆ ಮೂರು ಬೆರಳು ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂ ಸಿಕ್ಕಿಸಿ ಕಾಯಿ ಒಡೆದ. ಕಾಯಿ ಸಮವಾಗಿ ಒಡೆಯಿತು. ಶುಭ ಅಂದ. ಚನ್ನಬಸವಣ್ಣ ನೆಲ ನೋಡುತ್ತಿದ್ದ.

ಮ್ಯಾನೇಜರ್ ಪೂಜೆ ಮುಗಿಯುವ ತನಕ ಕಾದರು. ಅಪ್ಪ ಕೊಟ್ಟ ಕಾಯಿಹೋಳನ್ನೂ ತೆಗೆದುಕೊಂಡರು. ನಾಡಿದ್ದು ಆಫೀಸಿಗೆ ಬನ್ನಿ ಅಂದರು, ಅಷ್ಟೇ.

18-10-72, ಬುಧವಾರ

ಕೆಲಸ ಹೋಯಿತು.

ಲೈಸೆನ್ಸ್ ತೋರಿಸಿದೆ. ನೋಡಿದರು, ಸರಿಯಾಗಿದೆ ಅಂದರು. ಕೋವಿ ಇಟ್ಟುಕೊಳ್ಳುವುದು ಸರ್ಕಾರದ ಪ್ರಕಾರ ತಪ್ಪಲ್ಲ ಸೋಮಯ್ಯ, ಬೆಂಕಿಪೊಟ್ಟಣ ತರಬಾರದ ಜಾಗಕ್ಕೆ ಕಂಪನಿ ಗಾಡಿಯಲ್ಲಿ ಕೋವಿ ತಂದದ್ದು ತಪ್ಪು ಅಂದರು. ಮದ್ದು ಮನೆಯಲ್ಲಿದೆ, ಬರೀ ಕೋವಿ ಇದು, ಒನಕೆಗೂ ಇದಕ್ಕೂ ವ್ಯತ್ಯಾಸವಿಲ್ಲ ಅಂದೆ. ಅದನ್ನು ನಾನು ಹೇಗೆ ನಂಬಲಿ ಅಂದರು. ನ್ಯಾಯವೇ.

ಆಮೇಲೆ ಕೇಳಿದರು — "ಮನೇಲಿ ಯಾಕೆ ಇಡಲಿಲ್ಲ? ಒಂದು ಕಾರಣ ಹೇಳಿ. ಹೆಡ್ ಆಫೀಸಿಗೆ ನಾನು ಏನಾದರೂ ಬರೀತೀನಿ."

ಕಾರಣ ನಾಲಿಗೆ ತುದಿಗೆ ಬಂತು. ಹೇಳಬೇಕಾದರೆ ಹಲಸಿನ ಮರದ ಮಾತು ಬರುತ್ತದೆ, ಚಿಕ್ಕಬಸಮ್ಮನ ಮಾತು ಬರುತ್ತದೆ. ಕೋವಿ ಬೀರಯ್ಯನಿಗೆ ತಲೆ ಕೆಟ್ಟಿದೆ ಅಂತ ಮಗನೇ ಬಾಯಲ್ಲಿ ಹೇಳಿದ ಹಾಗೆ ಆಗುತ್ತದೆ. ಲೈಸೆನ್ಸ್ ಮಡಿಸಿ ಜೇಬಿಗೆ ಹಾಕಿಕೊಂಡೆ. ಅವರು ಕಾದರು. ಆಮೇಲೆ ವ್ಯಾನಿನ ಕೀಲಿ ಇಸಿದುಕೊಂಡರು.

ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದೆ. ಕಂಡಕ್ಟರ್ ಗುದ್ದಲಿಯಾ ಅಂತ ಕೇಳಿದ. ಊ ಅಂದೆ.

21-10-72, ಶನಿವಾರ

ಅತ್ತ ದರಿ, ಇತ್ತ ಪುಲಿ. ಕೋವಿ ಮನೆಯಲ್ಲಿದೆ ಅಂದರೆ ನಾನು ಮನೆ ಬಿಡುವ ಹಾಗಿಲ್ಲ. ನಾನು ಮನೆ ಬಿಡದೆ ಕೆಲಸ ಹುಡುಕುವ ಹಾಗಿಲ್ಲ. ಮರದ ಪೆಟ್ಟಿಗೆಯಲ್ಲಿ ಬೀಗ ಹಾಕಿ, ಮೇಲೆ ರಾಗಿ ಮೂಟೆ ಹೇರಿದ್ದೇನೆ. ಮದ್ದು ಅಟ್ಟದಲ್ಲಿದೆ, ನಿಜ. ಆದರೆ ಐವತ್ತು ವರ್ಷ ಕೋವಿ ಹಿಡಿದ ಕೈ ಮದ್ದು ಹುಡುಕದೆ ಬಿಡುತ್ತದೆಯೇ?

ಲೈಸೆನ್ಸ್ ನನ್ನ ಹೆಸರಲ್ಲಿ, ಇನ್ನೊಬ್ಬರ ಮನೆಯಲ್ಲಿ ಇಡುವಂತಿಲ್ಲ. ಸ್ಟೇಷನ್ನಿನಲ್ಲಿ ಇಡಬಹುದು. ಬೆಳೆ ನಿಂತಿರುವಾಗ ಯಾಕೆ ಇಡುತ್ತೀ ಅಂತ ಅಲ್ಲೂ ಕೇಳುತ್ತಾರೆ.

ಅಂಗಳ ಖಾಲಿ ಇರುವುದು ಅಪ್ಪನಿಗೆ ಗೊತ್ತಾಗಿದೆ. ಗಾಡಿ ಎಲ್ಲಿ ಅಂದ. ರಿಪೇರಿ ಅಂದೆ. ಕೋವಿ? ಗಾಡಿಯಲ್ಲಿ. ಎರಡನೇ ಸುಳ್ಳು ಹೇಳುವುದು ಮೊದಲನೆಯದಕ್ಕಿಂತ ಸುಲಭ.

26-10-72, ಗುರುವಾರ

ಚನ್ನಬಸವಣ್ಣ ಸೈಕಲ್ ತುಳಿದುಕೊಂಡು ಬಂದಿದ್ದ. ಬೇರೆ ಡ್ರೈವರನ್ನು ಇನ್ನೂ ತೆಗೆದುಕೊಂಡಿಲ್ಲವಂತೆ. ಮ್ಯಾನೇಜರ್ ಕೆಟ್ಟವರಲ್ಲ, ನಿಜ ಹೇಳಿಬಿಡು ಅಂದ. ಅವನಿಗೆ ಪೂರ್ತಿ ಗೊತ್ತಿಲ್ಲ, ಊಹೆ ಇದೆ. ಆಯುಧಪೂಜೆಯ ದಿನ ಅಪ್ಪ ಅವನನ್ನು ಬೇರೆ ಯಾರೋ ಅಂದುಕೊಂಡು ಮಾತಾಡಿಸಿದ್ದನಂತೆ.

"ವಯಸ್ಸಾದ್ ಮ್ಯಾಕೆ ಎಲ್ರಿಗೂ ಬರೋದೇ ಕಣ್ಲಾ. ಅದ್ರಾಗೆ ನಾಚ್ಕೆ ಏನ್ಬಂತು?"

ನಾಚಿಕೆ ನನ್ನದಾಗಿದ್ದರೆ ಇಷ್ಟು ಹೊತ್ತಿಗೆ ನುಂಗಿರುತ್ತಿದ್ದೆ. ಅಪ್ಪನದು. ಅದನ್ನು ಖರ್ಚು ಮಾಡುವ ಹಕ್ಕು ನನಗಿಲ್ಲ. ಚನ್ನಬಸವಣ್ಣನಿಗೆ ಹೀಗೆ ಹೇಳಲಿಲ್ಲ. ಕಾಫಿ ಕುಡಿಸಿ ಕಳಿಸಿದೆ.

4-11-72, ಶನಿವಾರ

ಬರೆಯಲು ಏನೂ ಇಲ್ಲದ್ದಕ್ಕೆ ಬರೆಯಲಿಲ್ಲ.

ಭದ್ರಮ್ಮ ಬೇರೆಯವರ ಬ್ಯಾರನ್ನಿಗೆ ಸೊಪ್ಪು ಆಯಲು ಹೋಗುತ್ತಿದ್ದಾಳೆ. ನಾನು ಪೆಟ್ಟಿಗೆಯ ಮುಂದೆ ಕೂತು ಅಪ್ಪನನ್ನು ಕಾಯುತ್ತೇನೆ, ಅಪ್ಪ ಜಗಲಿಯಲ್ಲಿ ಕೂತು ಗಾಡಿಯನ್ನು ಕಾಯುತ್ತಾನೆ. ಸಂಜೆ ಅವಳು ಬಂದು ನಮ್ಮಿಬ್ಬರನ್ನೂ ನೋಡಿ ಮಾತಾಡದೆ ಒಲೆ ಹಚ್ಚುತ್ತಾಳೆ. ಬೈದರೆ ವಾಸಿ. ಅವಳ ಕೈಯೆಲ್ಲ ಸೊಪ್ಪಿನ ಅಂಟು, ಕರ್ರಗೆ. ಉಣ್ಣುವಾಗ ಮುದ್ದೆಯೂ ಕಹಿ ಅಂದಳು.

ಹ್ಯಾಂಡ್‌ಪೋಸ್ಟಿನಲ್ಲಿ ಪ್ರೈವೇಟ್ ಬಸ್ಸಿನವರಿಗೆ ಡ್ರೈವರ್ ಬೇಕಂತೆ. ದೀಪಾವಳಿ ಕಳೆದ ಮೇಲೆ, ಒಂದು ದಿನ ಅವಳನ್ನು ಮನೆಯಲ್ಲಿ ಕೂರಿಸಿ ಹೋಗಿಬರಬೇಕು.

9-11-72, ಗುರುವಾರ. ಸಂಜೆ

ಮೊದಲಿನಿಂದ ಬರೆಯುತ್ತೇನೆ. ಇಲ್ಲದಿದ್ದರೆ ನಾನೇ ನಂಬುವುದಿಲ್ಲ.

ಬೆಳಿಗ್ಗೆ ಕೀಲಿಯನ್ನು ಭದ್ರಮ್ಮನಿಗೆ ಕೊಟ್ಟು ಹ್ಯಾಂಡ್‌ಪೋಸ್ಟಿಗೆ ಹೋದೆ. ಬಸ್ಸಿನವರಿಗೆ ಆಗಲೇ ಡ್ರೈವರ್ ಸಿಕ್ಕಿದ್ದ. ಹೋದ ಪುಟ್ಟ, ಬಂದ ಪುಟ್ಟ. ಮಧ್ಯಾಹ್ನ ಮನೆಗೆ ಬಂದರೆ ಜಗಲಿ ಖಾಲಿ. ಭದ್ರಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಅತ್ತು ಕಣ್ಣು ಕೆಂಪಗಾಗಿತ್ತು. ಒಳಗೆ ರಾಗಿ ಮೂಟೆ ಕೆಳಗಿತ್ತು. ಪೆಟ್ಟಿಗೆ ಬಾಯಿ ತೆರೆದಿತ್ತು.

ಅಪ್ಪ ಬೆಳಿಗ್ಗೆ ಗಾಡಿ ಎಲ್ಲಿ, ಗಾಡಿ ಎಲ್ಲಿ ಅಂತ ಹತ್ತು ಸಲ ಕೇಳಿದನಂತೆ. ಇವಳಿಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟಳು. ಗಾಡಿ ಹೋಗಿದ್ದು, ಕೆಲಸ ಹೋಗಿದ್ದು, ಕೋವಿ ಯಾಕೆ ಗಾಡಿಯಲ್ಲಿತ್ತು ಅಂತ. ಚಿಕ್ಕಬಸಮ್ಮನ ವಿಷಯವೂ. ಅಪ್ಪನಿಗೆ ಅದು ನೆನಪೇ ಇರಲಿಲ್ಲ. ಎದ್ದು ಹಿತ್ತಿಲಿಗೆ ಹೋಗಿ ಹಲಸಿನ ಮರದ ತೊಗಟೆ ತಡವಿ ನೋಡಿದನಂತೆ. ತೂತಿಗೆ ಬೆರಳಿಟ್ಟು ಬಹಳ ಹೊತ್ತು ನಿಂತಿದ್ದನಂತೆ. ಆಮೇಲೆ ಬಂದು ಕೀಲಿ ಕೇಳಿದ. ಮದ್ದು ಅಟ್ಟದಲ್ಲಿದೆಯಲ್ಲ ಅಂತ ಕೊಟ್ಟಳು. ಪೇಟ ಸುತ್ತಿದ, ಕೋವಿಯನ್ನು ಕಂಬಳಿಯಲ್ಲಿ ಸುತ್ತಿದ, ಹೊರಟ. ಜೊತೆಗೆ ಬಸ್‌ಸ್ಟ್ಯಾಂಡಿನ ತನಕ ಹೋದವಳನ್ನು ವಾಪಸು ಕಳಿಸಿದ. ಎಲ್ಲಿಗೆ ಅಂತ ಹೇಳಲಿಲ್ಲ.

ತೆರೆದ ಪೆಟ್ಟಿಗೆ ಮುಚ್ಚಿ ಮತ್ತೆ ಹೊರಬಿದ್ದೆ.

ಕಂಪನಿಗೇ ಹೋಗಿರಬೇಕು ಅಂದುಕೊಂಡೆ. ಮ್ಯಾನೇಜರ್ ಎದುರಿಗೆ ಕಂಬಳಿ ಬಿಚ್ಚಿ ನಿಂತರೆ ಯಾರೂ ಪೂಜೆ ಅನ್ನುವುದಿಲ್ಲ ಈಗ. ಸಿಕ್ಕ ಲಾರಿ ಹತ್ತಿ ಹುಣಸೂರಿಗೆ ಹೋದೆ. ಗೇಟಿನಲ್ಲಿ ಕೇಳಿದೆ. ಬಂದಿಲ್ಲ ಅಂದ ವಾಚ್‌ಮನ್. ಬಸ್‌ಸ್ಟ್ಯಾಂಡಿನಲ್ಲಿ ಇಲ್ಲ. ಸಂತೆಮಾಳದಲ್ಲಿ ಇಲ್ಲ. ಕೊನೆಗೆ ಒಬ್ಬ ಜಟಕಾದವನು, ಪೇಟದ ಮುದುಕಪ್ಪ ಪೊಲೀಸ್ ಸ್ಟೇಷನ್ ದಾರಿ ಕೇಳಿದ ಅಂದ.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದ. ನೆಟ್ಟಗೆ, ಫೋಟೋಗೆ ಕೂತವರ ಹಾಗೆ. ಕೋವಿ ಸಬ್ ಇನ್ಸ್‌ಪೆಕ್ಟರ ಮೇಜಿನ ಮೇಲೆ. ನಳಿಗೆಯ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಅದನ್ನು ಒರೆಸಲು ನನಗೆ ಮನಸ್ಸು ಬಂದಿರಲಿಲ್ಲ. ನಾನು ಬಾಗಿಲಲ್ಲಿ ನಿಂತಾಗ ಅಪ್ಪ ಹೇಳುತ್ತಿದ್ದ —

"ನನ್ ಮಗ ಯೋಳಕ್ಕಿಲ್ಲ ಸ್ವಾಮಿ. ನಾನೇ ಯೋಳ್ತೀನಿ, ಬರ್ಕೊಳ್ಳಿ. ನನ್ ಬುದ್ದಿ ನೆಟ್ಟಗಿಲ್ಲ. ಎಂಗ್ಸೂನ್ನ ಅಂದಿ ಅಂದ್ಕಂಡು ಒಡ್ದುಬುಟ್ಟಿವ್ನಿ. ಇದು ನನ್ ಕೈಗೆ ಸಿಗ್ಬಾರ್ದು ಅಂತ ಅವ್ನು ಗಾಡೀಲಿ ಮಡಗಿದ್ದ. ಇದ್ನ ನೀವು ಮಡೀಕಳಿ. ಅವ್ನ ಕೆಲ್ಸ ಅವ್ನಿಗೆ ಕೊಡ್ಸಿ."

ಕಾನ್‌ಸ್ಟೇಬಲ್ ಬರೆಯುವುದು ನಿಲ್ಲಿಸಿದ್ದ. ಸಬ್ ಇನ್ಸ್‌ಪೆಕ್ಟರ್ ನನ್ನನ್ನು ನೋಡಿ, ಲೈಸೆನ್ಸ್ ನಿಂದು, ತಂದವನು ಇವನು, ಇದೂ ತಪ್ಪೇ ಕಣಯ್ಯ ಅಂದರು. ಹೌದು ಸ್ವಾಮಿ ಅಂದೆ. ಆ ಹೆಂಗಸಿಗೆ ಏನಾದರೂ ಆಯಿತಾ ಅಂದರು. ಇಲ್ಲ ಸ್ವಾಮಿ. ರಿಜಿಸ್ಟರ್ ಎಳೆದುಕೊಂಡು, ಕೋವಿಯನ್ನು ನೀನೇ ತಂದು ಇಟ್ಟೆ ಅಂತ ಬರೆದುಕೊಳ್ಳುತ್ತೇನೆ ಅಂದರು. ರಸೀದಿ ನನ್ನ ಹೆಸರಿಗೇ ಕೊಟ್ಟರು. ಹಂದಿಗೆ ತಮಟೆ ಬಾರಿಸು ಅಂದರು.

ಹೊರಗೆ ಬಂದು ಅಪ್ಪನಿಗೆ ಟೀ ಕುಡಿಸಿದೆ. ನನಗೆ ಅಳು ಬಂತು. ಅಂಗಡಿ ಮುಂದೆ, ನಾಲ್ಕು ಜನರ ಎದುರಿಗೆ. ಅಪ್ಪ ಕಂಬಳಿ ಮಡಿಸುತ್ತಾ ಹೇಳಿದ, ಬುಡ್ಲಾ, ಅಗುರಾಯ್ತು ಅಂತ. ಕಂಬಳಿ ಹಗುರಾಯಿತೋ, ಅವನೋ, ನಾನು ಕೇಳಲಿಲ್ಲ.

11-11-72, ಶನಿವಾರ

ಮ್ಯಾನೇಜರ್ ಮುಂದೆ ರಸೀದಿ ಇಟ್ಟೆ. ಅಪ್ಪನೇ ಹೇಳಿದ ಮೇಲೆ ನನಗೇನು, ನಾನೂ ಹೇಳಿದೆ. ಎಲ್ಲ. ಅವರು ಕನ್ನಡಕ ತೆಗೆದು ಒರೆಸಿದರು. ಅವತ್ತೇ ಹೇಳಿದ್ದರೆ ವ್ಯಾನಿನ ಕೆಲಸ ಉಳಿಸುತ್ತಿದ್ದೆನಲ್ಲ ಅಂದರು. ಮೊನ್ನೆ ಬೇರೆಯವರನ್ನು ತೆಗೆದುಕೊಂಡಾಗಿದೆ. ಟ್ರಾಕ್ಟರ್ ಇದೆ, ದಿನಗೂಲಿ, ಹಳೇ ಸರ್ವೀಸು ಸೇರುವುದಿಲ್ಲ ಅಂದರು. ಆಗುತ್ತದೆ ಅಂದೆ. ಹೊರಡುವಾಗ ನಿಮ್ಮ ತಂದೆ ಹೇಗಿದ್ದಾರೆ ಅಂತ ಕೇಳಿದರು. ಚೆನ್ನಾಗಿದ್ದಾನೆ ಸಾರ್ ಅಂದೆ.

ಟ್ರಾಕ್ಟರಿನ ಕ್ಲಚ್ಚೂ ಸರಿಯಿಲ್ಲ.

15-11-72, ಬುಧವಾರ

ಟ್ರಾಕ್ಟರನ್ನು ಊರಿಗೆ ತರುವಂತಿಲ್ಲ. ಸೈಕಲ್ಲಿನಲ್ಲಿ ಬಂದೆ. ರಾಗಿ ಹೊಲದಲ್ಲಿ ಭದ್ರಮ್ಮ, ಚಿಕ್ಕಬಸಮ್ಮ ಇಬ್ಬರೂ ಹಳೇ ಡಬ್ಬ ಬಡಿದು ಹಂದಿ ಓಡಿಸಿ ಬಂದಿದ್ದರು. ನಗುತ್ತಿದ್ದರು. ಆ ಸದ್ದಿಗೆ ಹಂದಿಯಲ್ಲ, ಊರೇ ಓಡಬೇಕು ಅಂದೆ. ಬಹಳ ದಿನದ ಮೇಲೆ ಭದ್ರಮ್ಮ ನನ್ನನ್ನು ಬೈದಳು. ಹಾಯೆನಿಸಿತು.

ಸೈಕಲ್ ಗೋಡೆಗೆ ಒರಗಿಸುತ್ತಿದ್ದೆ.

"ಕ್ವಾವಿ ಎಲ್ಲಲಾ?"

ಭದ್ರಮ್ಮ ಡಬ್ಬ ಕೆಳಗಿಟ್ಟಳು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ, ಉತ್ತರಕ್ಕೆ. ಸ್ಟೇಷನ್ನು, ಬೆಂಚು, ಹಲಸಿನ ಮರ... ಕಣ್ಣಲ್ಲಿ ಏನೂ ಉಳಿದಿರಲಿಲ್ಲ. ನನಗೆ ಕೆಲಸ ಮರಳಿ ಕೊಡಿಸಿದ್ದು ತಾನೇ ಅಂತ ಕೊಡಿಸಿದವನಿಗೇ ಗೊತ್ತಿಲ್ಲ.

"ಕಂಪ್ನಿ ಗಾಡೀಲದೆ ಕಣಪ್ಪ."

"ಕಾವಲಿಗಾ?"

"ಊ. ಕಾವಲಿಗೆ."

ಮೀಸೆ ತೀಡಿಕೊಂಡ. ಚಿಕ್ಕಬಸಮ್ಮನ ಕಡೆ ತಿರುಗಿ, ನನ್ ಕ್ವಾವಿ ಇಲ್ದೆ ಆ ಕಂಪ್ನಿ ನಡ್ಯಕ್ಕಿಲ್ಲ ಕಣವ್ವ ಅಂದ. ಊ ಕಣ್ ಮಾವ ಅಂದಳು ಆ ತಾಯಿ. ಸೆರಗಿನಿಂದ ಮುಖ ಒರೆಸಿಕೊಂಡು ತನ್ನ ಮನೆಗೆ ಹೋದಳು.

ಮತ್ತೆ ಕರೆಯುತ್ತಿದ್ದಾನೆ. ಅದೇ ಕೇಳುತ್ತಾನೆ. ಹೇಳುತ್ತೇನೆ. ಎಷ್ಟು ಸಲ ಕೇಳಿದರೂ —